ಕರೆಂಟು ಹೋದಾಗ ನುಡಿದ ಕೈ

ಮಾರ್ಚ್ ೯, ಭಾನುವಾರ
ಬೆಳಗಿನ ಪ್ರಾರ್ಥನೆಯ ತರುವಾಯ

ಒಡಹುಟ್ಟಿದ ತಮ್ಮಯ್ಯನಿಗೆ ಅಕ್ಕನ ಆಶೀರ್ವಾದ.

ಇಲ್ಲಿ ನಾವಿಬ್ಬರೂ ಉಸಿರಾಡಿಕೊಂಡಿದ್ದೇವೆ. ಇದಕ್ಕಿಂತ ಹೆಚ್ಚಿನ ಕ್ಷೇಮಸಮಾಚಾರ ಬರೆದರೆ ಮೊದಲ ಸಾಲಿನಲ್ಲಿಯೇ ಸುಳ್ಳಾಡಿದಂತಾಗುತ್ತದೆ. ನೀನೂ ನಿನ್ನ ಮನೆಯಾಕೆಯೂ ಸುಖವಾಗಿರಲೆಂದು ಪ್ರತಿದಿನದಂತೆ ಇಂದೂ ದೇವರಲ್ಲಿ ಬೇಡಿದ್ದೇನೆ. ಸಿಟ್ಟಿನಲ್ಲಿಯೂ ಬೇಡಿದ್ದೇನೆ ಎಂಬುದು ನಿನ್ನ ಗಮನದಲ್ಲಿರಲಿ.

ಉತ್ತರ ತಡವಾಯಿತು, ಕ್ಷಮಿಸು. ಟಿವಿಯಲ್ಲಿ ನಿಮ್ಮ ಕಾರ್ಯಕ್ರಮ ಮುಗಿಯುತ್ತಿದ್ದಂತೆಯೇ ‘ಅಕ್ಕಾ, ಹೇಗಿತ್ತು? ಭಾವ ಏನಂದ್ರು?’ ಎಂದು ಮೊಬೈಲಿಗೆ ಕಳುಹಿಸಿದ್ದೆ; ಜೊತೆಗೆ ಚಪ್ಪಾಳೆಯ ಚಿತ್ರಗಳ ಒಂದು ಸಾಲು. ಅಷ್ಟು ಚಿಕ್ಕ ಪರದೆಯಲ್ಲಿ ಹೆಬ್ಬೆರಳಿನಿಂದ ಬರೆದು ಮುಗಿಸುವಷ್ಟು ಚಿಕ್ಕ ಉತ್ತರ ನನ್ನಲ್ಲಿರಲಿಲ್ಲ. ಕಾಗದ ತೆಗೆದುಕೊಂಡು ಕುಳಿತೆ. ಆದರೆ ಕೋಪದ ಕಾವಿನಲ್ಲಿ ಬರೆದ ವಾಕ್ಯ ಬರೆದವರ ಬುದ್ಧಿಯನ್ನೇ ಮೊದಲು ಕೆಡಿಸುತ್ತದೆಂದು, ಹಳೆಯ ಗದ್ಯವನ್ನು ಮಕ್ಕಳಿಗೆ ಪಾಠ ಹೇಳುತ್ತಿದ್ದ ಕಾಲದಲ್ಲಿ ಗಂಟಲು ನೋಯುವವರೆಗೆ ಹೇಳಿದವಳು ನಾನೇ. ಆದ್ದರಿಂದ ಕೋಪ ಇಳಿಯಲೆಂದು ಕಾದೆ. ಅದು ಇಳಿಯಲಿಲ್ಲ, ದಿನ ಕಳೆದಂತೆ ಗಟ್ಟಿಯಾಯಿತು. ಈಗ ಅದರ ಮೇಲೆಯೇ ಕಾಗದವನ್ನಿಟ್ಟು ನೆಮ್ಮದಿಯಿಂದ ಬರೆಯಬಹುದಾದಷ್ಟು ಗಟ್ಟಿಯಾಗಿದೆ.

ಮೊದಲು ಸುದ್ದಿ. ನಿನ್ನ ಭಾವನ ಬಲಗೈಯ ನಡುಕ ಮಣಿಕಟ್ಟನ್ನು ದಾಟಿ ಮೇಲಕ್ಕೇರಿದೆ. ಅದು ಸುಮ್ಮನಿರುವ ಕೈಯ ರೋಗವೆಂಬುದು ನಿನಗೆ ತಿಳಿಯದ್ದೇನಲ್ಲ. ಮಡಿಲಲ್ಲಿಟ್ಟರೆ ನಡುಗುತ್ತದೆ, ಲೋಟ ಹಿಡಿದು ಕುಳಿತರೆ ನಡುಗುತ್ತದೆ. ಡ್ರಮ್ಸಿನ ಮುಂದೆ ಕುಳಿತು ಕೋಲೆತ್ತಿ ತಾಳ ಹಿಡಿದ ಕೂಡಲೇ, ತರಗತಿಗೆ ಮೇಷ್ಟ್ರು ಬಂದಂತೆ ಅಡಗಿಬಿಡುತ್ತದೆ. ‘ಇದೇ ನಿಮಗೆ ಔಷಧಿ, ಯಾವ ಕಾರಣಕ್ಕೂ ಬಿಡಬೇಡಿ’ ಎಂದು ಡಾಕ್ಟರು ಹೇಳಿದ್ದರು. ಪ್ರತಿ ಸಂಜೆ ಬಾರಿಸುತ್ತಿದ್ದರು. ಕೆಳಗಿನ ಮನೆಯ ದರ್ಜಿ ಆ ತಾಳಕ್ಕೇ ಹೊಲಿಗೆ ಯಂತ್ರ ತುಳಿಯುತ್ತಿದ್ದ. ನಿಮ್ಮ ಕಾರ್ಯಕ್ರಮ ಪ್ರಸಾರವಾದ ಮರುದಿನ ಬೆಳಿಗ್ಗೆ ಒಮ್ಮೆ ಕುಳಿತದ್ದೇ ಕೊನೆ, ಆಮೇಲೆ ಮುಟ್ಟಿಲ್ಲ. ಡ್ರಮ್ಸಿನ ಮೇಲೆ ಹಳೆಯ ಹೊದಿಕೆ ಬಿದ್ದಿದೆ. ಕೈ ಬಿಗಿಯುತ್ತಿದೆ. ಈಗ ಅವರ ಅಂಗಿಯ ಗುಂಡಿಯನ್ನು ನಾನು ಹಾಕುತ್ತೇನೆ. ಈ ಪತ್ರಕ್ಕೆ ಇರುವ ಕಾರಣ ಇದೊಂದೇ. ಉಳಿದದ್ದೆಲ್ಲ ಇದರ ಸುತ್ತಿನ ಮಾತು.

ಸುತ್ತಿನ ಮಾತನ್ನಾದರೂ ಬಿಡುವವಳಲ್ಲ ನಾನು, ಅದೂ ನಿನಗೆ ಗೊತ್ತು.

ನನ್ನಂಥವಳು ರಾಕ್ ಸಂಗೀತ ಕೇಳುವುದು ನನ್ನೊಡನೆ ಪ್ರಾರ್ಥನೆಗೆ ಕೂರುವ ಹೆಂಗಸರಿಗೆ ಇಂದಿಗೂ ಬಿಡಿಸಲಾಗದ ಒಗಟು. ‘ಅಷ್ಟೆಲ್ಲ ಓದ್ಕೊಂಡಿದೀರಿ, ಆ ಗಲಾಟೆ ಅದು ಹೇಗ್ರೀ ಕೇಳ್ತೀರಿ?’ ಎಂದು ಒಬ್ಬಾಕೆ ಕೇಳಿದಳು. ‘ದೇವರು ದಿನಾ ನಮ್ಮ ಗಲಾಟೆ ಕೇಳ್ತಾನಲ್ಲ ತಾಯಿ, ಹಾಗೇ’ ಎಂದೆ. ಗಲಾಟೆಯೊಳಗೆ ಒಂದು ಸತ್ಯವಿರುತ್ತದೆ ಎಂಬ ನಂಬಿಕೆಯಿಂದಲೇ ನಾನು ಈ ಸಂಗೀತಕ್ಕೆ ಕಿವಿಗೊಟ್ಟದ್ದು. ಆ ನಂಬಿಕೆಯನ್ನು ನನಗೆ ಕೊಟ್ಟವನು ನೀನು.

ಸ್ಟುಡಿಯೊದಲ್ಲಿ ಮಾಡಿದ ಆಲ್ಬಮ್ ತಿದ್ದಿ ತೀಡಿ ಬರೆದ ಗ್ರಂಥ. ಅದನ್ನು ಎಷ್ಟು ಸಾರಿ ಬೇಕಾದರೂ ಒರೆಸಿ ಬರೆಯಲಿ, ನನ್ನ ಆಕ್ಷೇಪವಿಲ್ಲ. ಲೈವ್ ಆಲ್ಬಮ್ ಹಾಗಲ್ಲ, ಅದು ಸಾಕ್ಷಿ ನುಡಿಯುವ ಕಟಕಟೆ. ಇಂಥ ದಿನ, ಇಂಥ ಕೋಣೆಯಲ್ಲಿ, ಇಷ್ಟು ಜನರ ಎದುರು, ಈ ಮನುಷ್ಯರು ತಮ್ಮ ಕೈಯಿಂದ, ತಮ್ಮ ಗಂಟಲಿನಿಂದ ಇದನ್ನು ಮಾಡಿದರು ಎಂಬುದಕ್ಕೆ ಅದು ಸಾಕ್ಷಿ. ಗಾಯಕನ ಕೆಮ್ಮು, ಶ್ರುತಿ ಜಾರಿದ ತಂತಿ, ಹಾಡು ಮುಗಿಯಿತೆಂದು ತಪ್ಪು ಜಾಗದಲ್ಲಿ ತಟ್ಟಿದ ಚಪ್ಪಾಳೆ, ಇವೆಲ್ಲ ಆ ಸಾಕ್ಷಿಯ ರುಜುಗಳು. ಎಲ್ಲಿಯೂ ತಪ್ಪಿಲ್ಲದ ಲೈವ್ ಆಲ್ಬಮ್ಮನ್ನು ನಾನು ನಂಬಿದವಳಲ್ಲ. ಒಂದೇ ಚಪ್ಪಾಳೆಯನ್ನು ಎಲ್ಲ ಹಾಡುಗಳ ಬಾಲಕ್ಕೂ ಅಂಟಿಸಿದ ಆಲ್ಬಮ್ ಒಂದು ನಮ್ಮ ಕಪಾಟಿನಲ್ಲಿದೆ. ಪ್ರತಿ ಹಾಡಿನ ಕೊನೆಗೂ ಅದೇ ಮನುಷ್ಯ, ಅದೇ ಕ್ಷಣಕ್ಕೆ, ಅದೇ ಶಿಳ್ಳೆ ಹಾಕುತ್ತಾನೆ. ‘ಪಾಪ, ಇವನಿಗೆ ಯಾರೂ ನೀರೂ ಕೊಡಲ್ವೇನೋ’ ಎಂದು ನಿನ್ನ ಭಾವ ನಗುತ್ತಿದ್ದರು.

ಕಾರ್ಯಕ್ರಮಕ್ಕೆ ಬಂದು ಮೊಬೈಲನ್ನು ತಲೆಯ ಮೇಲೆ ಹಿಡಿದು, ಹಿಂದಿನವರಿಗೂ ಕಾಣಗೊಡದೆ ತಾವೂ ಕಾಣದೆ ಹೋಗುವವರ ಮೇಲೆ ನನಗೆ ಸಿಟ್ಟಿದೆ. ಮೇಲಿನ ಸ್ವರ ಬಂತೆಂದ ಕೂಡಲೇ ಮೈಕನ್ನು ಜನರ ಕಡೆಗೆ ತಿರುಗಿಸಿ, ಅವರ ಮೇಲೆ ಪ್ರೀತಿ ಉಕ್ಕಿದಂತೆ ನಟಿಸುವ ಗಾಯಕರ ಮೇಲೆ ಇನ್ನೂ ಹೆಚ್ಚಿನ ಸಿಟ್ಟಿದೆ. ನೀನು ಈ ಸಾಲನ್ನು ಬೇಗ ದಾಟಬೇಡ. ಟಿವಿಯವರ ಕಥೆಯನ್ನಂತೂ ಕೇಳಲೇಬೇಡ. ಗಿಟಾರಿನವನು ಜೀವಮಾನವಿಡೀ ಕಲಿತದ್ದನ್ನು ಬೆರಳ ತುದಿಗೆ ತಂದ ಗಳಿಗೆಯಲ್ಲಿ, ಕ್ಯಾಮೆರಾ ಅವನನ್ನು ಬಿಟ್ಟು ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುವ ಹುಡುಗಿಯನ್ನು ಹುಡುಕಿಕೊಂಡು ಹೋಗುತ್ತದೆ. ಮೂಲೆಯಲ್ಲಿ ಕೆಂಪಕ್ಷರಗಳಲ್ಲಿ ‘ನೇರಪ್ರಸಾರ’. ಆ ಎರಡು ಪದಗಳ ಸಮಾಸವನ್ನು ಬಿಡಿಸಿ ಹೇಳಿಕೊಟ್ಟವಳು ನಾನು. ಮೊದಲ ಪದಕ್ಕೆ ಅಲ್ಲಿ ಅರ್ಥವೇ ಉಳಿದಿಲ್ಲ.

ಇನ್ನು ಗಿರಣಿಯ ಸಭಾಂಗಣದ ಆ ಸಂಜೆಯನ್ನು ನಿನಗೆ ನೆನಪಿಸಬೇಕಾಗಿದೆ. ನೆನಪಿಲ್ಲವೆಂದು ಹೇಳುವಂತಿಲ್ಲ, ನಿನ್ನ ಹೊಟ್ಟೆ ಈ ಹೊತ್ತಿಗೂ ತುಂಬುತ್ತಿರುವುದು ಅದರಿಂದಲೇ.

ಆಗಿನ್ನೂ ಅವರು ನಿನಗೆ ಭಾವನಾಗಿರಲಿಲ್ಲ. ಹಗಲು ಟಿವಿ ರಿಪೇರಿ, ಸಂಜೆ ನಿಮ್ಮ ತಂಡದಲ್ಲಿ ಡ್ರಮ್ಸು. ಧ್ವನಿಮುದ್ರಣದ ಯಂತ್ರವನ್ನು ಸಭಾಂಗಣದ ಕರೆಂಟಿಗೆ ಸಿಕ್ಕಿಸಲು ಅವರು ಒಪ್ಪಲಿಲ್ಲ. ‘ಈ ವೈರಿಂಗ್ ನೋಡಿದ್ರೆ ನಂಗೆ ನಿದ್ದೆ ಬರಲ್ಲ’ ಎಂದು ಗೊಣಗಿಕೊಂಡು, ಯಾರದೋ ಕಾರಿನ ಬ್ಯಾಟರಿಯನ್ನು ಬಿಚ್ಚಿ ತಂದು ಅದಕ್ಕೆ ಜೋಡಿಸಿದರು. ನೀವೆಲ್ಲ ಗೇಲಿ ಮಾಡಿದಿರಿ. ಕೊನೆಯ ಹಾಡಿನ ನಡುವೆ ಕರೆಂಟು ಹೋಯಿತು. ಗಿಟಾರುಗಳು ಸತ್ತವು. ನಿನ್ನ ಮೈಕು ಸತ್ತಿತು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದ್ದ ಆ ಕೋಣೆಯಲ್ಲಿ ನನ್ನ ಕೈ ನನಗೇ ಕಾಣಲಿಲ್ಲ. ಆ ಕತ್ತಲೆಯಲ್ಲಿ ನಿಲ್ಲದೆ ಉಳಿದದ್ದು ಒಂದೇ, ಡ್ರಮ್ಸು. ಕತ್ತಲಲ್ಲಿ ಬಲಗೈಯ ಕೋಲು ಅಂಚಿಗೆ ತಗುಲಿ ಹಾರಿ ಹೋಯಿತು. ಮತ್ತೊಂದನ್ನು ಹುಡುಕಲು ನಿಂತಿದ್ದರೆ ತಾಳ ಮುರಿಯುತ್ತಿತ್ತು, ಜನ ಬಾಗಿಲಿಗೆ ನುಗ್ಗುತ್ತಿದ್ದರು. ಅವರು ಬರಿಯ ಅಂಗೈಯಿಂದ ಬಾರಿಸಿದರು. ಎಡಗೈಯಲ್ಲಿ ಕೋಲು, ಬಲಕ್ಕೆ ಮಾಂಸ. ಒಂದು ಏಟು ಚುರುಕು, ಒಂದು ಏಟು ದಪ್ಪ. ಅದನ್ನು ಹಿಡಿದುಕೊಂಡು ನೀನು ಮೈಕಿಲ್ಲದೆ, ಎದೆ ಬಿರಿಯುವಂತೆ ಹಾಡಿದೆ. ಮೇಲೆ ನೇತುಬಿಟ್ಟಿದ್ದ ಮೈಕುಗಳ ಮೂಲಕ ಬ್ಯಾಟರಿಯ ಯಂತ್ರ ಎಲ್ಲವನ್ನೂ ಹಿಡಿದಿಟ್ಟಿತು. ಕರೆಂಟು ಬಂದಾಗ ಅವರ ಅಂಗೈ ಸೀಳಿತ್ತು. ನಾನು ನನ್ನ ಕರವಸ್ತ್ರ ಕೊಟ್ಟೆ. ಆಮೇಲಿನದು ನಿನಗೆ ಗೊತ್ತು, ಮದುವೆಗೆ ನೀನೇ ಹಾಡಿದೆ.

ಲೋಕ ನಿಮ್ಮ ತಂಡವನ್ನು ನೆನಪಿಟ್ಟುಕೊಂಡಿರುವುದು ಆ ಒಂದು ಲೈವ್ ಆಲ್ಬಮ್ಮಿನಿಂದ, ಅದರಲ್ಲಿಯೂ ಆ ಕತ್ತಲೆಯ ಭಾಗದಿಂದ.

ಇಷ್ಟು ವರ್ಷಗಳ ಮೇಲೆ ತಂಡವನ್ನು ಮತ್ತೆ ಕೂಡಿಸುತ್ತೇವೆಂದು ಟಿವಿಯವರು ಬಂದಾಗ ನಿನ್ನ ಭಾವ ಹೊಸ ಚರ್ಮ ತರಿಸಿ ಡ್ರಮ್ಮುಗಳಿಗೆ ಹಾಕಿಸಿದರು. ನೀನು ಆ ಕಾರ್ಯಕ್ರಮದ ನಿರ್ಮಾಪಕಿಯನ್ನು ಮನೆಗೆ ಕರೆತಂದೆ. ನಾನು ಕಾಫಿ ಕೊಟ್ಟೆ. ನಿನ್ನ ಭಾವನ ಕೈಯಲ್ಲಿ ಲೋಟ ತಟ್ಟೆಯ ಮೇಲೆ ಕಟಕಟವೆಂದಿತು. ಆಕೆ ಅದನ್ನು ನೋಡಿದಳು, ಆಮೇಲೆ ನಿನ್ನ ಮುಖ ನೋಡಿದಳು. ‘ಸರ್, ಕ್ಯಾಮೆರಾ ತುಂಬಾ ಹತ್ತಿರದಿಂದ ತೋರಿಸುತ್ತೆ. ನಿಮಗೇ ಮುಜುಗರ ಆಗಬಾರದು ಅಂತ…’ ಎಂದಳು. ಡ್ರಮ್ಸು ಪಕ್ಕದ ಕೋಣೆಯಲ್ಲಿತ್ತು, ತಮ್ಮಯ್ಯ. ಬಾಗಿಲು ತೆರೆದೇ ಇತ್ತು. ‘ಒಂದು ನಿಮಿಷ ಬಾರಿಸಿ ತೋರಿಸಲಿ ತಾಳಿ’ ಎಂಬ ಒಂದು ಮಾತನ್ನು ನೀನು ಆಡಬಹುದಿತ್ತು. ಆ ನಡುಕ ಎಲ್ಲಿ ನಿಲ್ಲುತ್ತದೆಂದು ಆ ಕೋಣೆಯಲ್ಲಿ ಅವಳೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು. ನೀನು ಬಿಸ್ಕತ್ತಿನ ತಟ್ಟೆಯನ್ನು ಅವಳ ಕಡೆಗೆ ಸರಿಸಿದೆ. ನಿನ್ನ ಭಾವನೇ, ‘ಅಯ್ಯೋ, ಪರವಾಗಿಲ್ಲ ಬಿಡಮ್ಮ. ಹೊಸಬರು ಬರಲಿ. ನಾನು ಮನೇಲಿ ಕೂತು ಶಿಳ್ಳೆ ಹಾಕ್ತೀನಿ’ ಎಂದು ನಗಿಸಿ ಕಳುಹಿಸಿದರು. ನೀವು ಮೆಟ್ಟಿಲಿಳಿದ ಮೇಲೆ, ‘ತಮ್ಮಯ್ಯಂಗೆ ಎಷ್ಟು ಕಷ್ಟ ಆಯ್ತು ನೋಡಿದ್ಯಾ, ತಲೆನೇ ಎತ್ತಲಿಲ್ಲ’ ಎಂದರು. ನಿನ್ನ ಮೌನವನ್ನು ಅವರು ಸಂಕಟವೆಂದು ಓದಿದರು. ನಾನು ಅದನ್ನು ಹೇಡಿತನವೆಂದು ಓದಿದೆ. ಅಷ್ಟಕ್ಕೇ ಆಗಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ; ಹೇಡಿತನವನ್ನು ಕ್ಷಮಿಸುವುದು ಒಡಹುಟ್ಟಿದವರಿಗೆ ಅಭ್ಯಾಸವಾಗಿರುತ್ತದೆ.

ಪ್ರಸಾರದ ಸಂಜೆ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ದರ್ಜಿ ಬಂದ, ಎದುರುಮನೆಯ ನರ್ಸಮ್ಮ ಬಂದಳು. ಈಚೆಗೆ ನಿನ್ನ ಭಾವನ ಕಿವಿಯೂ ಮೊದಲಿನಂತಿಲ್ಲವಾದ್ದರಿಂದ ಟಿವಿಯ ಸದ್ದನ್ನು ಪೂರ್ತಿ ಏರಿಸಿದ್ದರು. ನೀನು ಕಾಣಿಸಿಕೊಂಡೆ. ಬಾಯಿ ತೆರೆದೆ.

ಮೊದಲ ಸಾಲಿಗೇ ನನಗೆ ತಿಳಿದುಹೋಯಿತು. ಅರವತ್ತು ದಾಟಿದ ಮುಖದಿಂದ ಇಪ್ಪತ್ತೈದರ ಗಂಟಲು ಹೊರಡುತ್ತಿತ್ತು. ನಿನ್ನ ಈಗಿನ ಸ್ವರ ನನಗೆ ಗೊತ್ತಿಲ್ಲವೆ? ಮೊನ್ನೆ ಫೋನಿನಲ್ಲಿ ‘ಅಕ್ಕಾ’ ಎನ್ನುವಾಗಲೇ ಅದು ಸವೆದ ಚಪ್ಪಲಿಯಂತೆ ಎಳೆಯುತ್ತಿತ್ತು. ಆ ಸವೆದ ಸ್ವರದಲ್ಲಿ, ಶ್ರುತಿಯನ್ನು ಇಳಿಸಿಕೊಂಡು, ಮುಗ್ಗರಿಸಿಕೊಂಡು ಹಾಡಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಮುದುಕರು ಮುದುಕರ ಹಾಗೆ ಹಾಡುವುದಕ್ಕಿಂತ ದೊಡ್ಡ ರಾಕ್ ಸಂಗೀತ ಇದೆಯೆ?

ಅನುಮಾನವೇನಾದರೂ ಉಳಿದಿದ್ದರೆ ಕೊನೆಯ ಹಾಡಿನಲ್ಲಿ ಅದೂ ತೀರಿತು. ನಡುವೆ ದೀಪಗಳು ಆರಿದವು. ಕರೆಂಟು ಹೋದಂತೆ ನಟನೆ! ಗಿಟಾರಿನವರು ಕೈ ನಿಲ್ಲಿಸಿದರು. ಒಂದೇ ಒಂದು ದೀಪ, ನಿನ್ನ ಭಾವನ ಜಾಗದಲ್ಲಿ ಕುಳಿತಿದ್ದ ಹೊಸ ಡ್ರಮ್ಮರನ ಮೇಲೆ ಬಿತ್ತು. ಒಂದು ಏಟು ಚುರುಕು, ಒಂದು ಏಟು ದಪ್ಪ. ಕೋಲು, ಅಂಗೈ. ಕೋಲು, ಅಂಗೈ. ಕ್ಯಾಮೆರಾ ಹತ್ತಿರಕ್ಕೆ ಹೋಗಿ ಅವನ ಕೈಗಳನ್ನು ತುಂಬಾ ಚೆನ್ನಾಗಿ ತೋರಿಸಿತು. ಎರಡರಲ್ಲಿಯೂ ಕೋಲಿತ್ತು.

ಸೀಳಿದ ಆ ಅಂಗೈಗೆ ಬಟ್ಟೆ ಕಟ್ಟಿದವಳು ನಾನು. ಅದರ ಸದ್ದು ನನಗೆ ತಿಳಿಯದೆ?

ಮರುದಿನ ದಪ್ಪತಂತಿಗೆ ಫೋನ್ ಮಾಡಿದೆ. ನಿಮ್ಮ ತಂಡದಲ್ಲಿ ಬೇಸ್ ಗಿಟಾರ್ ನುಡಿಸುವ ಅವನಿಗೆ ಆ ಅಡ್ಡಹೆಸರನ್ನು ಕೊಟ್ಟವರು ನಿನ್ನ ಭಾವನೇ. ಮೊದಲು ತಡವರಿಸಿದ. ಆಮೇಲೆ, ‘ಅಕ್ಕ, ನನ್ನ ಗಿಟಾರಿಗೆ ವೈರೇ ಸಿಕ್ಕಿಸಿರಲಿಲ್ಲ. ಹಳೇ ಆಲ್ಬಮ್ ಹಾಕಿದ್ರು. ನಾವು ಬೊಂಬೆಗಳ ಹಾಗೆ ಕೈ ಆಡಿಸಿದ್ವಿ ಅಷ್ಟೆ’ ಎಂದ.

‘ಯಾರದಯ್ಯ ಈ ಯೋಚನೆ? ಆ ಹೆಣ್ಣುಮಗಳದಾ?’

‘ಇಲ್ಲ ಅಕ್ಕ… ತಮ್ಮಯ್ಯಂದೇ. ಮೇಲಿನ ಸ್ವರ ಹತ್ತಲ್ಲ ಅಂತ ಹೆದರಿಬಿಟ್ಟ. ಇದನ್ನೇ ಹೊಸ ಲೈವ್ ಆಲ್ಬಮ್ ಅಂತ ತರ್ತಾರಂತೆ. ನಾನು ಹೇಳಿದೆ ಅಂತ ಹೇಳ್ಬೇಡಿ.’

ಹೇಳಿದ್ದೇನೆ. ಅವನ ಮೇಲೆ ಹಾರಾಡಬೇಡ. ನಿಮ್ಮ ತಂಡದಲ್ಲಿ ನಾಚಿಕೆಯನ್ನು ಉಳಿಸಿಕೊಂಡಿರುವವನು ಅವನೊಬ್ಬನೇ.

ನಿನ್ನ ಭಾವನ ಕೈ ನೋಡುವುದಕ್ಕೆ ಚೆನ್ನಾಗಿಲ್ಲ, ಆದರೆ ಆ ಕೈಯ ಸದ್ದು ಬೇಕು. ಅವರನ್ನು ಹೊಸ್ತಿಲಾಚೆ ನಿಲ್ಲಿಸಿ ಅವರ ಅಂಗೈಯನ್ನು ಮಾತ್ರ ಒಳಕ್ಕೆ ಎಳೆದುಕೊಂಡಿರಿ. ಅದರ ಮೇಲೆ ಬೇರೊಬ್ಬನ ಮುಖವನ್ನು ಅಂಟಿಸಿದಿರಿ. ಆ ಡ್ರಮ್ಮರನ್ನು ನಾನು ಬೈಯುವುದಿಲ್ಲ. ಹೊಟ್ಟೆಪಾಡಿಗೆ ಗಾಳಿಗೆ ಕೋಲು ಬೀಸಿದ. ನೀನು ಹಾಗಲ್ಲ. ಪ್ರತಿದಿನ ಬೆಳಿಗ್ಗೆ ನಾನು ದೇವರ ಮುಂದೆ ಕುಳಿತಾಗ ಕೆಲವು ದಿನ ಮನಸ್ಸು ಬರುವುದಿಲ್ಲ, ನಾಲಗೆ ಒಣಗಿರುತ್ತದೆ, ಮಂತ್ರದ ನಡುವೆ ಹಾಲು ಉಕ್ಕಿತೇನೋ ಎಂಬ ಯೋಚನೆ ಬರುತ್ತದೆ. ಆದರೂ ಆ ದಿನದ ಬಾಯಿಂದಲೇ ಆ ದಿನದ ಪ್ರಾರ್ಥನೆ ಮಾಡುತ್ತೇನೆ. ಯೌವನದಲ್ಲಿ ಚೆನ್ನಾಗಿ ಮಾಡಿದ ಒಂದು ಪ್ರಾರ್ಥನೆಯನ್ನು ಯಂತ್ರದಲ್ಲಿ ಹಾಕಿ, ಅದಕ್ಕೆ ತುಟಿ ಅಲ್ಲಾಡಿಸುತ್ತಾ ಕೂತರೆ ಕೇಳುವವನು ಏನೆಂದುಕೊಂಡಾನು? ನೀನು ಮಾಡಿದ್ದು ಅದನ್ನೇ, ತಮ್ಮಯ್ಯ. ಅದೂ ಇನ್ನೊಬ್ಬರ ಕೈಯನ್ನು ಕದ್ದು.

ನನಗೆ ನಿನ್ನಿಂದ ಬೇಕಾದದ್ದು ಇಷ್ಟೇ. ಆ ಆಲ್ಬಮ್ ಹೊರಬರುವ ಮೊದಲು ನೀನು ಇಲ್ಲಿಗೆ ಬರಬೇಕು. ನಿನ್ನ ಭಾವನ ಎದುರು ಕುಳಿತು, ಟಿವಿಯಲ್ಲಿ ಕೇಳಿಸಿದ ಡ್ರಮ್ಸು ಯಾರದೆಂದು ನಿನ್ನ ಬಾಯಿಂದಲೇ ಹೇಳಬೇಕು. ಫೋನಿನಲ್ಲಿ ಬೇಡ, ಮುಖ ಕಾಣಬೇಕು. ನಾನೇ ಏಕೆ ಹೇಳಬಾರದೆಂದು ನೀನು ಕೇಳಬಹುದು. ಬಾಗಿಲವರೆಗೆ ಹೋಗಿ ಬಾಯಿ ತೆರೆದು ಹಿಂದಕ್ಕೆ ಬಂದಿದ್ದೇನೆ. ಅಂದು ಕಾರ್ಯಕ್ರಮ ಮುಗಿದಾಗ ದರ್ಜಿಯೂ ನರ್ಸಮ್ಮನೂ ಚಪ್ಪಾಳೆ ತಟ್ಟಿದರು. ಅವರಿಗಿಂತ ಜೋರಾಗಿ ತಟ್ಟಿದವರು ನಿನ್ನ ಭಾವ. ಆಮೇಲೆ ಅವರು ಆಡಿದ ಮಾತನ್ನು ಬರೆಯಲು ಈ ಪುಟದಲ್ಲಿ ನನಗೆ ಶಕ್ತಿ ಸಾಲುತ್ತಿಲ್ಲ.

ನಿನ್ನ ಮನೆಯಾಕೆಯ ಮೊಣಕಾಲು ನೋವು ಹೇಗಿದೆ? ಬಿಸಿನೀರಿನ ಶಾಖ ಬಿಡಬಾರದೆಂದು ಹೇಳು. ನೀನು ರಾತ್ರಿ ಮೊಸರು ತಿನ್ನುವುದನ್ನು ಬಿಟ್ಟರೆ ಗಂಟಲಿಗೆ ಒಳ್ಳೆಯದು. ಇನ್ನು ಮೇಲಾದರೂ ಅದು ಬೇಕಾಗುತ್ತದೆ. ನಿನಗೆ ಆಯುಸ್ಸು ಆರೋಗ್ಯಗಳನ್ನು ಕೊಡು ಎಂದು ಕೇಳುವಾಗ, ಅವುಗಳ ಜೊತೆಗೆ ಸ್ವಲ್ಪ ಬೆನ್ನುಮೂಳೆಯನ್ನೂ ಕೊಡು ಎಂದು ಇತ್ತೀಚೆಗೆ ಸೇರಿಸಿಕೊಂಡಿದ್ದೇನೆ. ದೇವರು ನಿನ್ನನ್ನು ಕಾಪಾಡಲಿ, ನನ್ನ ಸಿಟ್ಟಿನಿಂದಲೂ ಕಾಪಾಡಲಿ.

ನಿನ್ನನ್ನು ಎತ್ತಿ ಆಡಿಸಿದ,
ಅಕ್ಕ

ಮರೆತು ಬಿಟ್ಟದ್ದಲ್ಲ, ಬರೆಯಲಾರದೆ ಉಳಿಸಿಕೊಂಡದ್ದು:

ಅಂದು ಚಪ್ಪಾಳೆ ತಟ್ಟಿ ಅವರು ನನ್ನ ಕಡೆ ತಿರುಗಿದರು. ಕಣ್ಣು ಹೊಳೆಯುತ್ತಿತ್ತು. ‘ಏ ಮೇಷ್ಟ್ರಮ್ಮ, ನೋಡಿದ್ಯಾ! ನನ್ನದನ್ನೇ ಒಂದಕ್ಷರ ಬಿಡದೆ ಕಲಿತಿದ್ದಾನೆ. ಅದೂ ಎರಡೂ ಕೈಲಿ ಸ್ಟಿಕ್ ಇಟ್ಕೊಂಡೇ ಅಂಗೈ ಸದ್ದು ತೆಗೆದ! ನಂಗೆ ಆ ವಿದ್ಯೆ ಬರಲೇ ಇಲ್ಲ ಕಣೆ.’

‘ಟಿವೀಲಿ ಏನೇನೋ ಮೋಸ ಇರುತ್ತೆ ಬಿಡಿ’ ಎಂದೆ. ಅಷ್ಟೇ ಎಂದೆ.

‘ಥೂ, ಬಿಡ್ತು ಅನ್ನು. ಅಲ್ಲಿ ನಿಂತು ಹಾಡ್ತಿದ್ದೋನು ಯಾರು? ನಮ್ಮ ತಮ್ಮಯ್ಯ. ಅವನು ನಿಂತಿರೋ ಜಾಗದಲ್ಲಿ ಮೋಸ ಹೇಗೆ ಆಗುತ್ತೆ?’

ಮರುದಿನ ಬೆಳಿಗ್ಗೆ ಡ್ರಮ್ಸಿನ ಮುಂದೆ ಕುಳಿತರು. ಕೋಲಿನಿಂದ ಅಂಗೈಯ ಸದ್ದನ್ನು ಹೊರಡಿಸಲು ಓರೆಯಾಗಿ ಬಾರಿಸಿದರು, ತುದಿ ತಿರುಗಿಸಿ ಬಾರಿಸಿದರು, ಬಟ್ಟೆ ಸುತ್ತಿ ಬಾರಿಸಿದರು. ಊಟಕ್ಕೆ ಕರೆದರೆ ಏಳಲಿಲ್ಲ. ಕೊನೆಗೆ ತಾವೇ ಹೊದಿಕೆ ತಂದು ಹೊದಿಸಿ, ‘ನನ್ನ ಕಾಲ ಮುಗೀತು. ಈ ಸ್ಟಿಕ್ಕುಗಳನ್ನ ಆ ಹುಡುಗನಿಗೆ ಕಳಿಸಿಬಿಡು. ಆ ಸದ್ದು ಹೇಗೆ ತೆಗೆದ ಅಂತ ತಮ್ಮಯ್ಯನ್ನ ಒಂದು ಮಾತು ಕೇಳು’ ಎಂದರು.

ತಾವು ತಮಗೇ ಸೋತೆವೆಂಬುದು ಅವರಿಗೆ ಗೊತ್ತಿಲ್ಲ. ನಾನು ಹೇಳಿದರೆ ಕೈ ಉಳಿಯುತ್ತದೆ, ಅವರ ಮನಸ್ಸಿನಿಂದ ನೀನು ಹೋಗುತ್ತೀ. ಹೇಳದಿದ್ದರೆ ನೀನು ಉಳಿಯುತ್ತೀ.

ಕೋಲುಗಳನ್ನು ನಾನು ಅಂಚೆಗೆ ಹಾಕುವುದಿಲ್ಲ. ಅವು ಮೇಜಿನ ಮೇಲಿವೆ. ನೀನೇ ಬಂದು, ನಡುಗುವ ಆ ಕೈಯಿಂದಲೇ ತೆಗೆದುಕೋ. ಕೊಡುವಾಗ ಅವರು ಕೇಳಿಯೇ ಕೇಳುತ್ತಾರೆ, ಹೇಗೆ ತೆಗೆದ ಎಂದು. ಉತ್ತರ ತಂದಿರು.